ಪೂಜೆಗಿಟ್ಟಿದ್ದ ಹತ್ತೊಂಬತ್ತರ ಸ್ಪಾನರ್

ಹೆಸರು: ಶಿವಯೋಗಿ ಬಿನ್ ಕರಿಯಪ್ಪ. ವಯಸ್ಸು: 47 ವರ್ಷ. ಕೆಲಸ: ಜೀಪ್ ಮೆಕ್ಯಾನಿಕ್. ವಾಸ: ಆಲ್ಕೊಳ, ಶಿವಮೊಗ್ಗ.

ನನ್ನನ್ನು ಯಾರೂ ಕರೆಸಿರುವುದಿಲ್ಲ. ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ,

ನಾನು ಆಲ್ಕೊಳ ಸರ್ಕಲ್‌ನಿಂದ 200 ಮೀಟರ್ ದೂರದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಗ್ಯಾರೇಜ್ ನಡೆಸುತ್ತಿದ್ದೇನೆ. ಆಯನೂರಿನ ಸಾಹುಕಾರ ಗಂಗಾಧರಪ್ಪನವರ ಜೀಪು ಮೊದಲಿನಿಂದಲೂ ನನ್ನಲ್ಲಿಗೇ ರಿಪೇರಿಗೆ ಬರುತ್ತದೆ. ಅದರ ಚಾಲಕ ಮಲ್ಲೇಶ್, 26 ವರ್ಷ, ನನಗೆ ಆರು ವರ್ಷದಿಂದ ಗೊತ್ತು.

ದಿನಾಂಕ 25-10-2001ರಂದು ಆಯುಧಪೂಜೆ ಇತ್ತು. ಬೆಳಿಗ್ಗೆ 9-30ಕ್ಕೆ ನನ್ನ ಸಲಕರಣೆಗಳನ್ನೆಲ್ಲ ತೊಳೆದು, ವಿಭೂತಿ ಹಚ್ಚಿ, ದೇವರ ಫೋಟೋ ಮುಂದೆ ಸಾಲಾಗಿ ಜೋಡಿಸಿ ಪೂಜೆ ಮಾಡಿದೆ. ಹಾಗೆ ಇಟ್ಟ ಮೇಲೆ ಮರುದಿನ ವಿಜಯದಶಮಿಯಂದು ಮತ್ತೊಮ್ಮೆ ಪೂಜೆ ಮಾಡುವ ತನಕ ಅವನ್ನು ಮುಟ್ಟುವುದಿಲ್ಲ. ನಮ್ಮ ತಂದೆಯೂ ಮುಟ್ಟುತ್ತಿರಲಿಲ್ಲ. ಊರಿನ ಯಾವ ಗ್ಯಾರೇಜಿನವನೂ ಆ ದಿನ ಮುಟ್ಟುವುದಿಲ್ಲ.

10-20ಕ್ಕೆ ಮಲ್ಲೇಶ್ ಜೀಪು ತಂದನು. ಎರಡು ದಿನದಿಂದ ಸ್ಟೇರಿಂಗ್ ವಿಪರೀತ ಅದುರುತ್ತಿದೆ, ಹಬ್ಬದ ಊಟಕ್ಕೆ ಸಾಹುಕಾರರ ಸೋದರತ್ತೆ ಲಿಂಗಮ್ಮನವರನ್ನು ಭದ್ರಾವತಿಯಿಂದ ಕರೆತರಬೇಕಾಗಿದೆ ಎಂದು ತಿಳಿಸಿದನು. ನಾನೇ ಜೀಪು ಹತ್ತಿ ಆಯನೂರು ರಸ್ತೆಯಲ್ಲಿ ಎರಡು ಕಿ.ಮೀ. ಓಡಿಸಿ ನೋಡಿದೆ. 30ರ ವೇಗದಲ್ಲಿ ಏನೂ ಇರಲಿಲ್ಲ. 45ರಲ್ಲಿ ಎಡ ಚಕ್ರ ಗುಂಡಿಗೆ ಇಳಿದ ಕೂಡಲೇ ಇಡೀ ಜೀಪು ಒದ್ದಾಡತೊಡಗಿತು. ಸ್ಟೇರಿಂಗ್ ಕೈಗೆ ಹೊಡೆದ ನೋವು ಬಲಗೈ ಮಣಿಕಟ್ಟಿನಲ್ಲಿ ಇವತ್ತಿಗೂ ಇದೆ. ಪೂರ್ತಿ ನಿಲ್ಲಿಸಿದ ಮೇಲೆಯೇ ಅದು ನಿಂತಿತು.

ಗ್ಯಾರೇಜಿಗೆ ವಾಪಸು ಬಂದು, ಮಲ್ಲೇಶನಿಗೆ ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪವೇ ಆಡಿಸಲು ಹೇಳಿ, ನಾನು ಜೀಪಿನ ಅಡಿಯಲ್ಲಿ ಮಲಗಿ ಒಂದೊಂದು ಜಾಯಿಂಟನ್ನೂ ಕೈಯಲ್ಲಿ ಹಿಡಿದು ನೋಡಿದೆ. ಎಡ ಚಕ್ರದ ಟೈ ರಾಡ್ ತುದಿ ಅಂಗೈಗೆ ಟಕ್ ಟಕ್ ಎಂದು ಬಡಿಯಿತು. ಎರಡು ಮುಂಚಕ್ರಗಳನ್ನು ಜೊತೆಗೆ ತಿರುಗಿಸುವ ಸರಳು ಅದೇ. ಅದರ ನಟ್ ಸಡಿಲವಾಗಿತ್ತು, ನಟ್ಟಿಗೆ ಹಾಕುವ ಪಿನ್ ಇರಲಿಲ್ಲ. ಹೊಸ ಜಾಯಿಂಟ್ ನನ್ನ ಕಪಾಟಿನಲ್ಲೇ ಇತ್ತು. ಹತ್ತೊಂಬತ್ತರ ಸ್ಪಾನರ್, ಒಂದು ಸುತ್ತಿಗೆ, ಅರ್ಧ ಗಂಟೆಯ ಕೆಲಸ. ಎರಡೂ ಪೂಜೆಯಲ್ಲಿದ್ದವು.

ನಾಳೆ ಬಾ ಎಂದೆ. ಅದಕ್ಕೆ ಮಲ್ಲೇಶ್, “ಒಂದು ಸ್ಪಾನರ್ ತೆಗೆದ್ರೆ ದೇವ್ರೇನು ಮುನಿಸ್ಕೊಳ್ತಾನಾ ಶಿವಯೋಗಣ್ಣ? ನೀವು ಮುಟ್ಬೇಡಿ, ನಾನೇ ತೆಗೀತೀನಿ. ಪಾಪ ಬಂದ್ರೆ ನನಗೇ ಬರ್ಲಿ” ಎಂದನು. ಅಕ್ಕಪಕ್ಕದ ಅಂಗಡಿಯ ನಾಲ್ಕು ಜನ ಮಂಡಕ್ಕಿ ತಿನ್ನುತ್ತ ಕುಳಿತಿದ್ದರು. ಅವರೆದುರಿಗೆ ಪೂಜೆ ಕೆಡಿಸಲು ನನಗೆ ಮನಸ್ಸು ಬರಲಿಲ್ಲ. ದೇವರ ಭಯ ಎಷ್ಟು, ಆ ನಾಲ್ಕು ಜನರ ಭಯ ಎಷ್ಟು ಎಂದು ಈಗ ಕೇಳಿದರೆ ಹೇಳಲಾರೆ.

ನಟ್ಟನ್ನು ಬರಿಗೈಯಲ್ಲಿ ತಿರುಗುವಷ್ಟು ಬಿಗಿ ಮಾಡಿ, ಪಿನ್ನಿನ ಬದಲು ತಂತಿ ಸುತ್ತಿದೆ. “ಮೂವತ್ತು ದಾಟ್ಬೇಡ ಮಾರಾಯ, ಏನೂ ಆಗಲ್ಲ, ನಾನು ಹೇಳ್ತಿದ್ದೀನಲ್ಲ” ಎಂದು ನಗುತ್ತ ಅವನ ಅಂಗಿ ಜೇಬಿಗೆ ಎರಡು ಹಿಡಿ ಮಂಡಕ್ಕಿ ಸುರಿದೆ. 11-05ಕ್ಕೆ ಅವನು ಹೊರಟನು.

ಅದೇ ದಿನ ಮಧ್ಯಾಹ್ನ 1-10ಕ್ಕೆ, ಭದ್ರಾವತಿಯಿಂದ ವಾಪಸು ಬರುವಾಗ, ಶಿವಮೊಗ್ಗ ಇನ್ನೂ 6 ಕಿ.ಮೀ. ಇರುವಂತೆ ಜೀಪು ಎಡಕ್ಕೆ ಎಳೆದುಕೊಂಡು ಹೋಗಿ ಹುಣಸೆ ಮರಕ್ಕೆ ಹೊಡೆದು ಮಲ್ಲೇಶ್ ಸ್ಥಳದಲ್ಲೇ ತೀರಿಕೊಂಡನು. ಸಾಹುಕಾರರ ದೂರಿನಲ್ಲಿ ಚಾಲಕನ ಅತಿವೇಗ ಮತ್ತು ಅಜಾಗರೂಕತೆ ಎಂದು ಬರೆದಿದೆ. ಸಾಹುಕಾರರು ಜೀಪಿನಲ್ಲಿ ಇರಲಿಲ್ಲ.

ದಿನಾಂಕ 27ರಂದು ಆಸ್ಪತ್ರೆಯಲ್ಲಿ ಲಿಂಗಮ್ಮನವರನ್ನು ಕಂಡೆನು. ಎಡಗೈ ಮುರಿದಿದೆ, ಮಾತು ಸ್ಪಷ್ಟವಾಗಿದೆ. ತಡವಾಯಿತೆಂದು ಗೋಡೆ ಗಡಿಯಾರ ನೋಡಿಯೇ ಮನೆ ಬಿಟ್ಟರಂತೆ, ಆಗ 12-45. ದಾರಿಯಲ್ಲಿ “ಇದೇನೋ ಎತ್ತಿನಗಾಡಿ ಹೊಡ್ದಂಗೆ ಹೊಡೀತೀಯ, ಬೇಗ ಬಿಡೋ” ಎಂದು ಎರಡು ಸಲ ಗದರಿದರಂತೆ. “ಮೂವತ್ತು ದಾಟ್ಬೇಡ ಅಂದಿದ್ದಾರೆ ಶಿವಯೋಗಣ್ಣ. ಅವ್ರು ಹೇಳಿದ್ಮೇಲೆ ಮುಗೀತು ಅಮ್ಮಾ” ಎಂದನಂತೆ. ನಿನ್ನೆ ಲಿಂಗಮ್ಮನವರ ಮನೆಯಿಂದ ಆ ಮರದವರೆಗೆ ನನ್ನ ಸ್ಕೂಟರ್‌ನಲ್ಲಿ ಅಳೆದಿದ್ದೇನೆ. 12 ಕಿ.ಮೀ. ಇದೆ, ಜೀಪಿಗೆ ಹಿಡಿದದ್ದು 25 ನಿಮಿಷ. ಗಂಟೆಗೆ 29 ಕಿ.ಮೀ. ಆಗುತ್ತದೆ. ಅವನು ನನ್ನ ಮಾತು ಮೀರಿಲ್ಲ. ಮೀರಿದ್ದರೆ ನನಗೆ ಇಷ್ಟು ಸಂಕಟ ಇರುತ್ತಿರಲಿಲ್ಲ.

ಠಾಣೆಯ ಆವರಣದಲ್ಲಿರುವ ಜೀಪನ್ನು ಇವತ್ತು ಬಗ್ಗಿ ನೋಡಿದೆ. ಎಡಗಡೆಯ ಟೈ ರಾಡ್ ತುದಿ ಕಳಚಿ ನೇತಾಡುತ್ತಿದೆ, ನಟ್ ಇಲ್ಲ, ನಾನು ಸುತ್ತಿದ ತಂತಿಯ ತುಂಡು ಮಾತ್ರ ಇದೆ. ಮರಕ್ಕೆ ಹೊಡೆದ ರಭಸಕ್ಕೆ ಕಳಚಿದೆ ಎಂದು ತಪಾಸಣೆಯವರು ಬರೆದಿದ್ದಾರೆ. ನಿಂತ ಜೀಪಿನಲ್ಲಿ ಅದು ಮೊದಲು ಕಳಚಿತೋ ಆಮೇಲೋ ಎಂದು ತೋರಿಸಿಕೊಡಲು ನನ್ನಿಂದಲೂ ಆಗುವುದಿಲ್ಲ.

ನಿನ್ನೆ ಮಲ್ಲೇಶನ ಹೆಂಡತಿ ರಶ್ಮಿ ಗ್ಯಾರೇಜಿಗೆ ಬಂದು, “ಅಣ್ಣಾ, ಇವ್ರು ಜೋರಾಗಿ ಓಡಿಸಿ ಸತ್ರು ಅಂತ ಎಲ್ರೂ ಅಂತಾರೆ, ಹೌದಾ?” ಎಂದು ಕೇಳಿದಳು. ಶವದ ಮೇಲಿದ್ದ ವಸ್ತುಗಳ ಪಟ್ಟಿಯಲ್ಲಿ ಮಂಡಕ್ಕಿಯೂ ಇದೆಯಲ್ಲ, ಅದು ಎಲ್ಲಿಯದು ಎಂದೂ ಕೇಳಿದಳು. ಆ ಎರಡು ಪ್ರಶ್ನೆಗೂ ಉತ್ತರ ಬರೆಸಬೇಕಾಗಿದೆ. ಆದ್ದರಿಂದ ಇಲ್ಲಿಗೆ ಬಂದಿರುತ್ತೇನೆ.

ಆರೋಪಿಯೇ ಸತ್ತಿರುವುದರಿಂದ ಪ್ರಕರಣ ಮುಗಿಯಿತು, ನೀನು ಹೇಳಿ ಏನೂ ಬದಲಾಗುವುದಿಲ್ಲ ಎಂದು ಠಾಣೆಯವರು ನನಗೆ ತಿಳಿಸಿದರು. ಅದನ್ನೂ ಬರೆದುಕೊಳ್ಳಿ ಎಂದು ಕೋರಿದೆ.

ಸಲಕರಣೆಗಳು ಇನ್ನೂ ಪೂಜೆಯಲ್ಲೇ ಇವೆ. ವಿಜಯದಶಮಿಯಂದು ನಾನು ಬಾಗಿಲು ತೆರೆದಿಲ್ಲ, ಹೂವು ಒಣಗಿದೆ. ಹತ್ತೊಂಬತ್ತರ ಸ್ಪಾನರ್ ಎಡಗಡೆಯಿಂದ ಮೂರನೆಯದು. ಜಪ್ತಿ ಮಾಡುವುದಿದ್ದರೆ ನೀವೇ ಬಂದು ಎತ್ತಿಕೊಳ್ಳಬೇಕು. ನನ್ನ ಕೈಯಲ್ಲಿ ಆಗುವುದಿಲ್ಲ.

ಬರೆದದ್ದನ್ನು ಓದಿಸಿ ಕೇಳಿದೆ. ನಾನು ಹೇಳಿದಂತೆಯೇ ಇದೆ, ನಿಜವಾಗಿದೆ.

ಸ್ಥಳ: ಶಿವಮೊಗ್ಗ
ದಿನಾಂಕ: 29-10-2001
ಸಹಿ: ಶಿವಯೋಗಿ