ಅಂಗಿಯ ಬೆನ್ನಿನ ತುಂಡು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ದೂರದಿಂದ ಬಂದಿರುವ ಮುಖ್ಯ ಅತಿಥಿಗಳೇ, ಈ ವಿಮಾನ ತರಬೇತಿ ಶಾಲೆಯ ಆಡಳಿತ ಮಂಡಳಿಯವರೇ, ನನ್ನ ಹಳೆಯ ಮತ್ತು ಹೊಸ ವಿದ್ಯಾರ್ಥಿಗಳೇ, ಎಂದಿನಂತೆ ಕೊನೆಯ ಸಾಲಿನಲ್ಲಿ ಕೂತಿರುವ ಮೆಕ್ಯಾನಿಕ್‌ಗಳೇ, ಮತ್ತು ಎಲ್ಲ ಸಭಿಕರೇ,

ನನ್ನ ಬಗ್ಗೆ ಈಗಾಗಲೇ ಮೂವರು ಮಾತಾಡಿದ್ದಾರೆ. ಮೂವರೂ ನನ್ನನ್ನು ಆಕಾಶಕ್ಕೆ ಏಣಿ ಹಾಕಿದ ಮೊದಲ ಹೆಣ್ಣು ಎಂದು ಹೊಗಳಿದರು. ಏಣಿ ಹಾಕಿದ್ದು ನಿಜವೇ ಇರಬಹುದು. ಕೆಳಗೆ ನಿಂತು ಅದನ್ನು ಅಲ್ಲಾಡಿಸುತ್ತಿದ್ದವರ ಸುದ್ದಿಯನ್ನು ಮಾತ್ರ ಯಾರೂ ಎತ್ತಲಿಲ್ಲ. ಸನ್ಮಾನದ ದಿನ ಅದನ್ನೆಲ್ಲ ಎತ್ತಬಾರದೆಂದು ನನಗೂ ಗೊತ್ತು. ಕಾರ್ಯದರ್ಶಿಗಳು ನಿನ್ನೆಯೇ ಫೋನ್ ಮಾಡಿ, "ಮೇಡಂ, ಹಳೇದೆಲ್ಲ ಬೇಡ, ಮಕ್ಕಳಿಗೆ ಸ್ಫೂರ್ತಿ ಆಗೋ ಹಾಗೆ ಎರಡು ಮಾತಾಡಿ ಸಾಕು" ಅಂದಿದ್ದಾರೆ. ಎರಡು ಮಾತಿನಲ್ಲಿ ಮುಗಿಸುವ ಅಭ್ಯಾಸ ನನಗಿದ್ದಿದ್ದರೆ ನನ್ನ ಸಂಸಾರ ಉಳಿಯುತ್ತಿತ್ತು. ನಗಬಹುದು, ನಗಲೆಂದೇ ಹೇಳಿದ್ದು.

ಇಲ್ಲಿ ಮೇಜಿನ ಮೇಲೆ ತಟ್ಟೆಯಲ್ಲೊಂದು ಕತ್ತರಿ ಇದೆ, ಅದಕ್ಕೆ ಕೆಂಪು ರಿಬ್ಬನ್ ಕಟ್ಟಿದ್ದೀರಿ. ಪಕ್ಕದಲ್ಲಿ ಒಂದು ಗಾಜಿನ ಚೌಕಟ್ಟು, ಅದರ ಕೆಳಗೆ ನನ್ನ ಹೆಸರು ಕೆತ್ತಿದ ಹಿತ್ತಾಳೆ ಪಟ್ಟಿ. ನನ್ನ ಭಾಷಣ ಮುಗಿದ ಮೇಲೆ ಅಧ್ಯಕ್ಷರು ನನ್ನ ಅಂಗಿಯ ಹಿಂಭಾಗದಿಂದ ಒಂದು ತುಂಡು ಕತ್ತರಿಸಿ ಅದರೊಳಗೆ ಇಡಬೇಕೆಂದು ಏರ್ಪಾಡಾಗಿದೆ. ಹೊರಗಿನಿಂದ ಬಂದವರಿಗೆ ಇದೇನು ಹುಚ್ಚು ಎನಿಸಬಹುದು. ಆದ್ದರಿಂದ ಸ್ವಲ್ಪ ವಿವರಿಸುತ್ತೇನೆ.

ಹಳೆಯ ತರಬೇತಿ ವಿಮಾನಗಳಲ್ಲಿ ಕಲಿಯುವವರು ಮುಂದೆ, ಕಲಿಸುವವರು ಹಿಂದೆ. ಇಂಜಿನ್ನಿನ ಗದ್ದಲದಲ್ಲಿ ಮಾತು ಕೇಳಿಸುತ್ತಿರಲಿಲ್ಲ. ಕಿವಿಗೆ ಹಾಕಿಕೊಳ್ಳುವ ಯಂತ್ರ ಇತ್ತು, ವಾರದಲ್ಲಿ ಅರ್ಧ ದಿನ ಕೆಲಸ ಮಾಡುತ್ತಿತ್ತು. ಹಾಗಾಗಿ ಗುರುಗಳು ಶಿಷ್ಯನ ಅಂಗಿಯನ್ನು ಹಿಂದಿನಿಂದ ಜಗ್ಗಿ, ಕಿವಿಯ ಹತ್ತಿರ ಬಂದು ಬೈಯುತ್ತಿದ್ದರು. ಶಿಷ್ಯ ಮೊದಲ ಬಾರಿ ಒಂಟಿಯಾಗಿ ಹಾರಿ ಇಳಿದ ದಿನ, ಇನ್ನು ಇವನನ್ನು ಜಗ್ಗಬೇಕಾಗಿಲ್ಲ ಎಂದು ಗುರುಗಳೇ ಆ ಅಂಗಿಯ ತುಂಡನ್ನು ಕತ್ತರಿಸುವುದು ವಾಡಿಕೆ. ಅದನ್ನು ನಮ್ಮ ತರಗತಿಯ ಗೋಡೆಗೆ ಹಾಕುತ್ತಾರೆ. ಆ ಗೋಡೆಯ ಮೇಲೆ ಇಲ್ಲದವರು ಈ ಶಾಲೆಯ ಲೆಕ್ಕದಲ್ಲಿ ಹಾರಿದವರಲ್ಲ.

ನಾನು ಆ ಗೋಡೆಯ ಮೇಲಿಲ್ಲ. ಏಕೆ ಗೊತ್ತೇ? ನನ್ನ ಗುರುಗಳಿಗೆ, ನಾವು ಮೀಸೆ ಮಾಸ್ತರು ಎನ್ನುತ್ತಿದ್ದೆವು, ಹೆಣ್ಣುಮಗಳ ಅಂಗಿ ಜಗ್ಗಲು ಸಂಕೋಚ. ಅದಕ್ಕಾಗಿ ಅವರು ಒಂದು ಅಡಿಕೋಲು ತಂದಿದ್ದರು. ಎಡಕ್ಕೆ ತಿರುಗಬೇಕಾದರೆ ಎಡ ಭುಜಕ್ಕೊಂದು, ಬಲಕ್ಕಾದರೆ ಬಲ ಭುಜಕ್ಕೊಂದು, ತಪ್ಪು ಮಾಡಿದರೆ ತಲೆಗೊಂದು. ಮರ್ಯಾದೆಯ ಹೆಸರಿನಲ್ಲಿ ಇಷ್ಟು ಏಟು ತಿಂದವಳು ನಾನೊಬ್ಬಳೇ ಇರಬೇಕು. ನಾನು ಒಂಟಿಯಾಗಿ ಹಾರಿ ಇಳಿದ ದಿನ ಎಲ್ಲರೂ ವಿಮಾನ ನಿಲ್ಲಿಸುವ ಹ್ಯಾಂಗರಿನ ಮುಂದೆ ಸಾಲಾಗಿ ನಿಂತಿದ್ದರು. ಮಾಸ್ತರು ಜೇಬಿನಿಂದ ಕತ್ತರಿ ತೆಗೆದರು. ನಾನು ಬೆನ್ನು ತಿರುಗಿಸಿ ನಿಂತೆ. ನಿಂತೇ ಇದ್ದೆ. ತಿರುಗಿ ನೋಡಿದರೆ ಕತ್ತರಿ ಮತ್ತೆ ಜೇಬು ಸೇರಿತ್ತು. "ಬೇಡಮ್ಮಾ, ನಾಳೆ ಯಾರಾದ್ರೂ ಏನಾದ್ರೂ ಅಂದಾರು" ಅಂದರು. ನನಗೆ ಒಂದು ಗೋಡೆ ಗಡಿಯಾರ ಕೊಟ್ಟರು.

ನಮ್ಮಮ್ಮ ಬಟ್ಟೆ ಹೊಲಿದು ನನ್ನನ್ನು ಸಾಕಿದವಳು. ಹೆಂಗಸರ ಅಳತೆಯ ಸಮವಸ್ತ್ರ ಇಲ್ಲದ್ದರಿಂದ ಆ ಅಂಗಿಯನ್ನೂ ಅವಳೇ ಹೊಲಿದಿದ್ದಳು. ವಿಷಯ ಹೇಳಿದಾಗ, "ಒಳ್ಳೇದೇ ಆಯ್ತು ಬಿಡು, ಹೊಸ ಅಂಗಿ ಉಳೀತು" ಅಂದಳು. ನಾನು ಅಳುವುದನ್ನು ನೋಡಿ ತನ್ನ ದೊಡ್ಡ ಕತ್ತರಿ ತಂದು, "ಬಾ ಇಲ್ಲಿ, ನಾನೇ ಕತ್ತರಿಸ್ತೀನಿ" ಅಂದಳು. ಗುರುಗಳೇ ಕತ್ತರಿಸಬೇಕಮ್ಮಾ, ಇಲ್ಲದಿದ್ದರೆ ಅದು ಬರೀ ಹರಿದ ಅಂಗಿ ಎಂದೆ. ಅವಳು ಕತ್ತರಿಯನ್ನು ನನ್ನ ಮಡಿಲಿಗೆ ಹಾಕಿದಳು. "ಹಂಗಾದ್ರೆ ಇಟ್ಕೋ. ನೀನೂ ಒಂದಿನ ಗುರು ಆಗ್ತೀಯಲ್ಲ."

ಆಮೇಲಿನ ನನ್ನ ಸಾಧನೆಗಳನ್ನು ನಿರೂಪಕರು ಓದಿದ್ದಾರೆ. ಓದದೆ ಬಿಟ್ಟದ್ದೊಂದಿದೆ. ಕ್ಯಾಪ್ಟನ್ ಹೆಂಗಸು ಎಂದು ಗೊತ್ತಾದೊಡನೆ ಚೀಲ ಎತ್ತಿಕೊಂಡು ವಿಮಾನ ಇಳಿದು ಹೋಗುತ್ತಿದ್ದ ಪ್ರಯಾಣಿಕರಿದ್ದರು. ಕಂಪನಿಯವರು ಜಾಣರು, ನನ್ನನ್ನು ಸರಕು ವಿಮಾನಕ್ಕೆ ಹಾಕಿದರು. ವರ್ಷಾನುಗಟ್ಟಲೆ ಪೆಟ್ಟಿಗೆಗಟ್ಟಲೆ ಕೋಳಿಮರಿಗಳನ್ನು ಊರಿಂದೂರಿಗೆ ಸಾಗಿಸಿದೆ. ಒಂದು ಮರಿಯೂ ನನ್ನ ಮುಖ ನೋಡಿ ಇಳಿದು ಹೋಗಲಿಲ್ಲ. ಕೊನೆಗೆ ಬೇಸತ್ತು, ನಾನು ಕಲಿತ ಈ ಶಾಲೆಗೇ ಕಲಿಸಲು ಬಂದೆ. ಇಲ್ಲಿ ನನಗೆ ಸಿಕ್ಕಿದ ಮೊದಲ ಹುಡುಗಿಯೇ ಚಟಪಟ.

ಆ ಹೆಸರು ಇಟ್ಟದ್ದು ಮೆಕ್ಯಾನಿಕ್‌ಗಳು. ಬಸ್ ಡ್ರೈವರೊಬ್ಬರ ಮಗಳು. ಬಾಯಿಗೆ ಬ್ರೇಕ್ ಇರಲಿಲ್ಲ. ಅಪ್ಪನ ಬಸ್ಸಿನ ಸದ್ದು ಕೇಳಿಯೇ ಯಾವ ಗೇರಿನಲ್ಲಿದೆ ಎಂದು ಹೇಳುತ್ತಿದ್ದವಳು, ವಿಮಾನದ ಸದ್ದನ್ನೂ ಹಾಗೆಯೇ ಕೇಳುತ್ತಿದ್ದಳು. ಅವಳ ಅಂಗಿಯನ್ನು ನಾನು ಎಷ್ಟು ಜಗ್ಗಿದ್ದೇನೆಂದರೆ ಅದು ಹಿಂದೆ ಒಂದು ಗೇಣು ಇಳಿದುಬಿಟ್ಟಿತ್ತು. "ಮೇಡಂ, ಬೇಗ ಒಬ್ಬಳನ್ನೇ ಬಿಡಿ, ಇಲ್ಲಾಂದ್ರೆ ಇದು ಲಂಗ ಆಗುತ್ತೆ" ಎನ್ನುತ್ತಿದ್ದಳು. ಅವಳನ್ನು ನಾನು ತುಂಬಾ ಹಚ್ಚಿಕೊಂಡಿದ್ದೆ. ಇದನ್ನು ಮುಚ್ಚಿಡುವುದೇಕೆ?

ಅವಳು ಒಂಟಿಯಾಗಿ ಹಾರಿದ ದಿನ ನಾನು ರನ್‌ವೇ ಪಕ್ಕದ ಹುಲ್ಲಿನಲ್ಲಿ ನಿಂತಿದ್ದೆ. ಜೇಬಿನಲ್ಲಿ ಅಮ್ಮನ ಕತ್ತರಿ. ಅವಳು ಏರಿದಳು, ಒಂದು ಸುತ್ತು ಬಂದಳು, ಇಳಿಸಿದಳು. ಎಷ್ಟು ಮೆತ್ತಗೆ ಇಳಿಸಿದಳೆಂದರೆ ಚಕ್ರ ನೆಲಕ್ಕೆ ತಾಗಿದ್ದು ನನಗೆ ದೂಳಿನಿಂದ ಗೊತ್ತಾಯಿತೇ ಹೊರತು ಸದ್ದಿನಿಂದಲ್ಲ. ವೇಗವೂ ಇಳಿದಿತ್ತು. ಆಗ ಎಡಗಡೆಯ ಚಕ್ರದ ಕಾಲು ಮುರಿಯಿತು. ಅದು ಹಿಂದೆ ಬಿರುಕು ಬಿಟ್ಟು ಬೆಸುಗೆ ಹಾಕಿಸಿದ ಕಾಲು. ಹೊಸದು ತರಿಸಿ ಎಂದು ಮೆಕ್ಯಾನಿಕ್‌ಗಳು ಹೇಳಿದ್ದರು, ನಾನೂ ಹೇಳಿದ್ದೆ. ಮುಂದಿನ ತಿಂಗಳು ನೋಡೋಣ ಎಂದು ಆಡಳಿತದವರು ಅಂದಿದ್ದರು. ಕೊನೆಯ ಸಾಲಿನವರು ತಲೆ ತಗ್ಗಿಸಬೇಡಿ. ನೀವು ಹೇಳಿದ್ದಿರಿ, ಕೇಳಬೇಕಾದವರು ಕೇಳಲಿಲ್ಲ. ವಿಮಾನ ಮೂಗು ಊರಿ ತಲೆಕೆಳಗಾಯಿತು. ನಾನು ಓಡಿದೆ. ಅವಳು ಬೆಲ್ಟಿನಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದಳು, ಮೇಲಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ಅಂಗಿಗೆಂದು ತಂದ ಕತ್ತರಿಯಿಂದ ಮೊದಲು ಬೆಲ್ಟು ಕತ್ತರಿಸಿದೆ. ಹುಲ್ಲಿನ ಮೇಲೆ ಎಳೆದು ತಂದೆ. ಒಳಗೆಲ್ಲೋ ಪೆಟ್ಟು ಬಿದ್ದಿತ್ತು, ಆಂಬುಲೆನ್ಸ್ ಬರುವ ಮೊದಲೇ ಅವಳು ಹೋದಳು.

ತನಿಖೆ ನಡೆಯಿತು. ವಿದ್ಯಾರ್ಥಿನಿ ಒರಟಾಗಿ ಇಳಿಸಿದ್ದೇ ಕಾರಣ, ಒಂಟಿ ಹಾರಾಟ ಅಪೂರ್ಣ, ಎಂದು ತೀರ್ಮಾನವಾಯಿತು. ನಾನು ಕಣ್ಣಾರೆ ಕಂಡದ್ದನ್ನು ತನಿಖಾ ಸಮಿತಿಗೆ ಹೇಳಿದೆನಲ್ಲ? ತರಬೇತಿ ಕೊಟ್ಟವಳಿಗೆ ಆ ಹುಡುಗಿಯ ಮೇಲೆ ತಾಯಿಯ ಮಮತೆ ಇದ್ದುದರಿಂದ ಅವಳ ಮಾತನ್ನು ಸಾಕ್ಷಿಯಾಗಿ ಹಿಡಿಯಲಾಗದು ಎಂದರು. ಮಕ್ಕಳಿಲ್ಲದವಳು ಎಂದು ಜನ್ಮವೆಲ್ಲ ಅನ್ನಿಸಿಕೊಂಡವಳನ್ನು ಆ ಸಮಿತಿ ಒಂದೇ ಸಾಲಿನಲ್ಲಿ ತಾಯಿ ಮಾಡಿಬಿಟ್ಟಿತು. ಗಂಡಸು ಕಣ್ಣಿನಿಂದ ನೋಡುತ್ತಾನೆ, ಹೆಂಗಸು ಕರುಳಿನಿಂದ ನೋಡುತ್ತಾಳೆ, ಅಲ್ಲವೇ? ನನಗೆ ಇವತ್ತಿಗೂ ಸಿಟ್ಟು ಆರಿಲ್ಲ.

ಅವಳ ತಂದೆ ಪ್ರತಿ ವರ್ಷ ಆ ದಿನ ನನ್ನ ಮನೆಗೆ ಬಂದು ಕೂರುತ್ತಾರೆ. ಚಹಾ ಕುಡಿಯುತ್ತಾರೆ. "ಕೊನೇಲಿ ಏನಾಯ್ತು ಅಂತ ಮಾತ್ರ ಹೇಳ್ಬೇಡಿ ಮೇಡಂ, ನನ್ನ ಕೈಲಿ ಕೇಳೋಕಾಗಲ್ಲ" ಎನ್ನುತ್ತಾರೆ. ನಾನು ಹೇಳಿಲ್ಲ. ಇವತ್ತು ಬೆಳಿಗ್ಗೆ ಅವರು ಫೋನ್ ಮಾಡಿದ್ದರು. "ಮೇಡಂ, ನನ್ನ ಮಗಳು ಇಳಿಸೋಕೆ ಬರದೆ ಸತ್ತಳು ಅಂತ ಡಿಪೋದಲ್ಲಿ ಈಗಲೂ ಅಂತಾರೆ. ನನಗೂ ವಯಸ್ಸಾಯ್ತು. ಇವತ್ತು ಹೇಳ್ಬಿಡಿ. ನನಗೊಬ್ಬನಿಗೇ ಅಲ್ಲ, ಎಲ್ಲರ ಎದುರಿಗೂ ಹೇಳಿ" ಅಂದರು. ಅವರು ಮೂರನೆಯ ಸಾಲಿನಲ್ಲಿ ಕೂತಿದ್ದಾರೆ.

ಅಣ್ಣಾ, ಆಸ್ಪತ್ರೆಯವರು ನಿಮಗೆ ಅವಳ ಬಟ್ಟೆ ಕೊಟ್ಟಾಗ ಅಂಗಿಯ ಬೆನ್ನಿನಲ್ಲಿ ಒಂದು ತುಂಡು ಇರಲಿಲ್ಲ. ಡಾಕ್ಟರು ಕತ್ತರಿಸಿರಬೇಕು ಎಂದುಕೊಂಡಿರಿ. ಅವರಲ್ಲ, ನಾನು. ಹುಲ್ಲಿನ ಮೇಲೆ ಮಲಗಿಸಿದಾಗ ಅವಳಿಗೆ ಎಚ್ಚರವಿತ್ತು. ಅಮ್ಮಾ ಎನ್ನಲಿಲ್ಲ, ನೋವು ಎನ್ನಲಿಲ್ಲ. "ಮೇಡಂ, ಇಳಿಸಿದ್ನಲ್ಲಾ?" ಎಂದು ಕೇಳಿದಳು. ಇಳಿಸಿದೆ ಕಣೇ, ನನಗಿಂತ ಚೆನ್ನಾಗಿ ಇಳಿಸಿದೆ ಎಂದೆ. "ಹಂಗಾದ್ರೆ ಕತ್ತರಿಸಿ" ಎಂದಳು. ಬೆನ್ನ ಕೆಳಗಿನಿಂದ ಅಂಗಿಯ ತುದಿ ಎಳೆದು ಕತ್ತರಿಸಿದೆ, ತುಂಡು ಸೊಟ್ಟಗೆ ಬಂತು. ಅವಳ ಕೈಗೆ ಕೊಟ್ಟೆ. ಹಿಡಿದುಕೊಂಡಳು. ಆಮೇಲೆ ಬೆರಳು ಬಿಡಿಸಿ ತೆಗೆದುಕೊಂಡವಳೂ ನಾನೇ.

ಈಗ ಅದು ಈ ನನ್ನ ಕೈಚೀಲದಲ್ಲಿದೆ. ಇಗೋ.

ಅಧ್ಯಕ್ಷರೇ, ನಿಮ್ಮ ಕತ್ತರಿಯನ್ನು ಹಾಗೆಯೇ ತಟ್ಟೆಯಲ್ಲಿ ಬಿಡಿ. ನನ್ನ ಅಂಗಿ ಕತ್ತರಿಸಬೇಕಾದ ಗುರುಗಳು ಈಗಿಲ್ಲ. ಇಷ್ಟು ತಡವಾಗಿ ಬಂದ ಮರ್ಯಾದೆ ನನಗೆ ಬೇಡವೂ ಬೇಡ. ಆದರೆ ಚೌಕಟ್ಟು ಸಿದ್ಧವಾಗಿದೆ, ಗೋಡೆಗೆ ಮೊಳೆ ಹೊಡೆದಾಗಿದೆ, ಅದನ್ನು ವ್ಯರ್ಥ ಮಾಡಬಾರದು. ಹಿತ್ತಾಳೆ ಪಟ್ಟಿಯ ಮೇಲೆ ನನ್ನ ಹೆಸರಿದೆ, ಅದನ್ನು ಕಿತ್ತುಬಿಡಿ. ಅವಳ ಹೆಸರನ್ನು ನಿಧಾನವಾಗಿ ಕೆತ್ತಿಸಿದರಾಯಿತು. ಆಗುವುದಿಲ್ಲ ಎನ್ನುವವರು ಯಾರಾದರೂ ಇದ್ದರೆ ಈಗಲೇ ಎದ್ದು ನಿಂತು, ಅವಳ ತಂದೆಯ ಮುಖ ನೋಡಿ ಹೇಳಿ.

ಯಾರೂ ಏಳಲಿಲ್ಲ. ಸಂತೋಷ. ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ್ದಕ್ಕೆ ನಿಮಗೆಲ್ಲ ಕೃತಜ್ಞಳು. ಚಪ್ಪಾಳೆ ಬೇಡ. ಅಣ್ಣ ಎದ್ದು ಬರುತ್ತಿದ್ದಾರೆ, ಅವರಿಗೆ ಮಂಡಿ ನೋವು, ಮೆಟ್ಟಿಲ ಹತ್ತಿರ ಯಾರಾದರೂ ಕೈ ಹಿಡಿದುಕೊಳ್ಳಿ. ಬನ್ನಿ ಅಣ್ಣಾ, ನೀವೇ ಇಡಿ. ನಮಸ್ಕಾರ.