ಒಂದು ನೂಲು ತಗ್ಗಿದ ಭುಜ

ಇಲ್ಲ ಇಲ್ಲ, ಸರಿ ಮಾಡೋದೇ ಇಲ್ಲ! ಆಗಿಂದ ಅದನ್ನೇ ಹೇಳ್ತಿದೀನಲ್ಲ... ಅಯ್ಯೋ, ಗೊಂಬೆನ ತಲೆಕೆಳಗು ಮಾಡ್ಬೇಡಿ ಸಾರ್, ನೆರಿಗೆ ಕೆಡುತ್ತೆ. ನಾಲ್ಕು ತಿಂಗಳ ಕೆಲಸ ಅದು.

ಹೌದು, ಎಡ ಭುಜ ತಗ್ಗಿದೆ. ಒಂದು ನೂಲು. ನೂಲು ಅಂದ್ರೆ ಇಂಚಿನ ಎಂಟನೇ ಒಂದು ಪಾಲು, ನಮ್ಮ ಟೈಲರ್‌ಗಳ ಲೆಕ್ಕ. ಕೈತಪ್ಪಿ ಆಗಿದ್ದಲ್ಲ. ಬಿಸಿನೀರಲ್ಲಿ ಅದ್ದಿ, ಪ್ಲಾಸ್ಟಿಕ್ ಮೆತ್ತಗಾದ್ಮೇಲೆ ನಾನೇ ಹೆಬ್ಬೆರಳಲ್ಲಿ ಒತ್ತಿದ್ದು... ಯಾಕೆ ನಗ್ತೀರಿ? ನಿಮ್ಮ ಕಂಪನಿ ಗೊಂಬೆನ ಈ ಮುದುಕಿ ಸೊಟ್ಟ ಮಾಡಿದ್ಲು ಅಂತಲಾ? ನಗಿ, ನಗಿ.

ನೀವೇ ತಾನೆ ಹೇಳಿದ್ದು? "ಅಮ್ಮಾ, ರಾಣಿಯವರು ಆವತ್ತಿನ ಔತಣಕ್ಕೆ ಹಾಕ್ಕೊಂಡಿದ್ದ ಗೌನು, ಥೇಟ್ ಅದೇ ಬೇಕು. ಆರನೇ ಒಂದು ಪಾಲಿನ ಅಳತೆ. ಇದನ್ನ ನೋಡ್ಕೊಂಡು ಮುನ್ನೂರು ಗೊಂಬೆ ಮಾಡ್ತೀವಿ. ಗೊಂಬೆ ಕೂಡಿಡೋ ಜನ ಭೂತಗನ್ನಡಿ ಹಿಡ್ಕೊಂಡು ನೋಡ್ತಾರೆ." ನೋಡ್ಲಿ! ರೇಷ್ಮೆನ ಏಳು ಸಲ ಒಗೆದಿದೀನಿ. ಇಲ್ದಿದ್ರೆ ಇಷ್ಟು ಸಣ್ಣ ಮೈಮೇಲೆ ಅದು ಬೀಳಲ್ಲ, ಬಿಚ್ಚಿದ ಕೊಡೆ ಹಾಗೆ ಸೆಟೆದು ನಿಲ್ಲುತ್ತೆ. ಎಳ್ಳಿನಷ್ಟು ಹುಕ್ಕು, ಒಂಬತ್ತು. ಕೆಳ ಅಂಚಿನೊಳಗೆ ಸೀಸದ ಗುಂಡು. ಅಸಲಿಯಲ್ಲೂ ಇತ್ತು, ಗಾಳಿಗೆ ಹಾರದೆ ಇರ್ಲಿ ಅಂತ.

ಫೋಟೋದಲ್ಲಿ ಅದೆಲ್ಲಿ ಕಾಣುತ್ತೆ ಅಂತೀರಾ? ಊಹೆ. ಇಷ್ಟು ವರ್ಷ ಸೂಜಿ ಹಿಡಿದೋಳಿಗೆ ಅಷ್ಟೂ ಗೊತ್ತಾಗಲ್ವಾ?

ಕೊಡಿ ಆ ಪುಸ್ತಕ. ಹಾಂ, ಇದೇ ಫೋಟೋ. ರಾಣಿ ಭುಜ ಎರಡೂ ಸಮ, ಒಪ್ಪಿದೆ. ಈಗ ಎಡ ಕಂಕುಳ ಕೆಳಗೆ ನೋಡಿ. ಸುಕ್ಕು ಕಾಣ್ತಾ? ಕತ್ತಿನ ಪಟ್ಟಿ ಎಡಕ್ಕೆ ಜಾರಿರೋದು ಕಾಣ್ತಾ? ಅದಕ್ಕೆ ಪುಸ್ತಕದೋರು ಏನು ಬರೆದಿದಾರೆ, ಓದಿ... "ಅಲೆಯಂಥ ಇಳಿಜಾರು, ಮಹಾ ಕಲಾವಿದನ ಕಲ್ಪನೆ." ಕಲ್ಪನೆಯಂತೆ, ಮಣ್ಣಂಗಟ್ಟಿ! ಅದನ್ನ ನೋಡಿ ಹತ್ತು ವರ್ಷ ಊರಿನ ಹೆಣ್ಮಕ್ಕಳೆಲ್ಲ ಎಡಕ್ಕೆ ಜಾರಿದ ಕತ್ತೇ ಹೊಲಿಸ್ಕೊಂಡ್ರು.

ರಾಣಿ ಭುಜ ಸಮ ಇದ್ರೆ ಗೊಂಬೇದು ಯಾಕೆ ತಗ್ಗಿಸಿದೆ ಅಂತ ತಾನೆ? ಸರಿಯಾಗಿ ಕೇಳಿದ್ರಿ. ಯಾಕಂದ್ರೆ ಆ ಗೌನು ರಾಣಿ ಮೈಮೇಲೆ ಹೊಲಿದಿದ್ದೇ ಅಲ್ಲ! ಅವರು ಬರೀ ಅಳತೆ ಕಳಿಸಿದ್ರು. ಹೊಲಿಗೆ ಮನೆಯಲ್ಲಿ ಅದೇ ಎತ್ತರ, ಅದೇ ಸೊಂಟದ ಹುಡುಗಿ ಒಬ್ಬಳಿದ್ಲು. ಬಟ್ಟೆ ಥಾನು ಹೊರೋಳು. ಹದಿನಾಲ್ಕನೇ ವಯಸ್ಸಿಂದ ಎಡ ಹೆಗಲ ಮೇಲೆ ಥಾನು ಇಟ್ಕೊಂಡು ಮೂರು ಮಹಡಿ ಹತ್ತಿ ಇಳಿದೋಳು. ಅವಳನ್ನ ಹಲಗೆ ಮೇಲೆ ನಿಲ್ಲಿಸಿ ಹೊಲಿದ್ರು. ಹನ್ನೊಂದು ದಿನ! ಹೆಡ್ ಟೈಲರ್ ಮಾಸ್ತರು ಬಾಯಲ್ಲಿ ಗುಂಡುಪಿನ್ನು ಕಚ್ಕೊಂಡು, "ನೆಟ್ಟಗೆ ನಿಲ್ಲೇ" ಅಂತ ಅಳತೆಕೋಲಲ್ಲಿ ಭುಜಕ್ಕೆ ತಟ್ಟೋರು. ನೆಟ್ಟಗೇ ನಿಂತಿದ್ಲು. ಅವಳಿಗೆ ಅಷ್ಟೇ ನೆಟ್ಟಗೆ ಬರ್ತಿದ್ದಿದ್ದು. ಕೊನೆಗೆ ಔತಣಕ್ಕೆ ಎರಡೇ ದಿನ ಉಳೀತು ನೋಡಿ, ಮಾಸ್ತರು ಬೇಸತ್ತು ಬಟ್ಟೆನ ಅವಳ ಭುಜಕ್ಕೇ ಬಗ್ಗಿಸಿ ಹೊಲಿದುಬಿಟ್ರು. ರಾಣಿ ಹಾಕ್ಕೊಂಡಾಗ ಸುಕ್ಕು ಬಿತ್ತು. ಅಷ್ಟೇ ನಿಮ್ಮ ಕಲ್ಪನೆ!

ಯಾರು ಹೇಳಿದ್ರು ಅಂದ್ರೆ... ಹಳೇ ಕೆಲಸಗಾರರು ಮಾತಾಡ್ಕೊಳ್ಳೋರು. ಆ ಹುಡುಗಿ ಈಗ ಎಲ್ಲಿದಾಳೋ, ಯಾರಿಗೆ ಗೊತ್ತು? ಪಾಪ, ಭಾಳ ಹೆದರುಪುಕ್ಕಲಿ. ಒಂದಿನ ಬೆನ್ನಿಗೆ ಕತ್ತರಿ ತಣ್ಣಗೆ ತಾಗಿ, ಹಲಗೆಯಿಂದಲೇ ಹಾರಿಬಿದ್ದು ಎಲ್ಲರ ಕೈಲೂ ಬೈಸ್ಕೊಂಡೆ...

ಬೈಸ್ಕೊಂಡ್ಲು.

ಏನು? ಯಾಕೆ ನನ್ನ ಹೆಗಲನ್ನೇ ನೋಡ್ತಿದೀರಿ? ಗೊಂಬೆ ನೋಡಿ ಸಾರ್, ನನ್ನನ್ನಲ್ಲ. ಶಾಲು ಚಳಿಗೆ ಹೊದ್ದಿರೋದು. ವಯಸ್ಸಾದ್ಮೇಲೆ ಚಳಿ ಜಾಸ್ತಿ...

ಸರಿ. ತಗೊಳ್ಳಿ, ತೆಗೆದೆ ಶಾಲು. ನೋಡಿ. ಕಣ್ಣು ತಗ್ಗಿಸ್ಬೇಡಿ, ಸರಿಯಾಗೇ ನೋಡಿ. ಮುಕ್ಕಾಲು ಇಂಚು, ಅಂದ್ರೆ ಆರು ನೂಲು. ಅದರ ಆರನೇ ಪಾಲು ನಿಮ್ಮ ಕೈಲಿದೆ.

ನಮ್ಮಕ್ಕನಿಗೂ ಹೇಳಿಲ್ಲ ಇದನ್ನ. ಔತಣದ ಸಂಜೆ ಇಬ್ರೂ ರಸ್ತೆ ಬದಿ ಜನರ ಮಧ್ಯೆ ನಿಂತಿದ್ವಿ. ರಾಣಿ ಕಾರಿಂದ ಇಳಿದು ಮೆಟ್ಟಿಲು ಹತ್ತಿದ್ರು. ಅಕ್ಕ ನನ್ನ ಪಕ್ಕೆಗೆ ತಿವಿದು, "ನೋಡೇ, ಮೈ ಅಂದ್ರೆ ಹಾಗಿರ್ಬೇಕು! ನೀನೂ ಇದೀಯ, ವಾಲಿದ ಗೋಡೆ" ಅಂದ್ಲು. ನಾನು ಬಾಯಿ ಬಿಡ್ಲಿಲ್ಲ. ಬಿಟ್ರೆ ಕೆಲಸ ಹೋಗುತ್ತೆ ಅಂದಿದ್ರು ಮಾಸ್ತರು. ಆಮೇಲೆ ಅವರೂ ಹೋದ್ರು, ಹೊಲಿಗೆ ಮನೆಯೂ ಮುಚ್ಚಿತು, ಆಗ್ಲೂ ಬಿಡ್ಲಿಲ್ಲ. ನಾಚಿಕೆ ಇತ್ತು, ಸುಳ್ಳ್ಯಾಕೆ ಹೇಳ್ಲಿ. ಒಂದು ಕಡೆ ಮೂಟೆ ಹೊತ್ತು ಸವೆದ ಮೈ ಇದು... ರಾಣಿ ಗೌನು ಇದರದ್ದು ಅಂದ್ರೆ ಯಾರು ನಂಬ್ತಿದ್ರು?

ಇವತ್ತು ನಾಚಿಕೆ ಇಲ್ಲ.

ಏನು ಬರ್ಕೊಳ್ತಿದೀರಿ? ನನ್ನ ಹೆಸರಾ? ಡಬ್ಬಿ ಮೇಲೆ ಹಾಕೋಕಾ? ಬೇಡ, ಹೊಡೆದುಹಾಕಿ. ರಾಣಿ ಹೆಸರೇ ಇರ್ಲಿ, ಹಾಕ್ಕೊಂಡೋರು ಅವರು. ಆದ್ರೆ ಭುಜ ಮುಟ್ಟೋ ಹಾಗಿಲ್ಲ. ಮುನ್ನೂರಕ್ಕೆ ಮುನ್ನೂರೂ ಹೀಗೇ ಹೋಗ್ಬೇಕು. ಆಗಲ್ಲ ಅಂದ್ರೆ ಗೊಂಬೆ ಮೇಜಿನ ಮೇಲಿಟ್ಟು ನಡೀರಿ, ಬಾಗಿಲು ಅಲ್ಲಿದೆ.

...ಇಡಲ್ವಾ?

ಹಾಗಿದ್ರೆ ಕೂತ್ಕೊಳ್ಳಿ. ಡಬ್ಬಿ ನಾನೇ ಕಟ್ಟಿಕೊಡ್ತೀನಿ.