ಲಗಾಮ ಹಿಡದ ಕೈ

...ಹೂಂ, ಇದಾ ಪಟ ಚಾಚಾ. ಇತ್ತಾಗ ಬೆಳಕಿಗಿ ಬರ್ರಿ. ಬಣ್ಣ ಇನ್ನಾ ಹಸಿ ಅದ, ಮುಟ್ಟಬ್ಯಾಡ್ರಿ.

ಯಾಕ ನಗ್ತೀರಿ? ಕುದರಿ ಮ್ಯಾಲ ಇಂಗ್ಲಿಷ್ ಸಾಹೇಬ ಇರಬೇಕಿತ್ತಂತ? ಇದ್ದ. ಈಗ ಅವನ ಮಾರಿ ಮ್ಯಾಲ ನಮ್ಮ ಕೆನಾಲ್ ಗುತ್ತೇದಾರ ಸೂಗಪ್ಪ ಕುಂತಾನ. ಹಳೇ ಬಂಗಲೆ ಹರಾಜಿನಾಗ ಪಟ ಹಿಡದು ತಂದ. "ಚಂದ್ರಾಮಪ್ಪ, ಮಾರಿ ನಂದು ಬರಿ, ಹಿಂದ ಕೆನಾಲ್ ಹರೀಲಿ" ಅಂದ. ಹುಟ್ಟಿದಾಗಿಂದ ಕುದರಿ ಬಾಲ ಮುಟ್ಟಿಲ್ಲ ಆ ಮನಷ್ಯಾ.

ನಾನು? ಬರದೆ. ನಮ್ಮಜ್ಜ ಸುರಪುರದಾಗ ಬಂಗಾರದ ರೇಕು ಹಚ್ಚಿ ದೇವರ ಪಟ ಬರದಾಂವ. ನಾ ಗೊಬ್ಬರದಂಗಡಿ ಬೋರ್ಡ್ ಬರದು ಬರದು ಕೈ ಕೆಟ್ಟಾಂವ.

ಏನ್ ಹುಡಕಾಕತ್ತೀರಿ... ಗೊತ್ತದ. ನಾನಾ ಹೇಳಿ ಕಳಸಿದ್ದೆ, ಪಟದಾಗ ಕುದರಿ ಹಿಡಕೊಂಡು ನಿಂತಾಂವ ನಿಮ್ಮಜ್ಜ, ಮೂಗು ನಿಮ್ದಾ ಅಂತ. ಅಜ್ಜಂದು ಬ್ಯಾರೆ ಫೋಟೋ ಇಲ್ಲಂತ ಸಗರದಿಂದ ಬಸ್ ಹತ್ತಿ ಬಂದೀರಿ. ಇದ್ರು ಚಾಚಾ. ಬಿಳಿ ರುಮಾಲ ಸುತ್ತಿದ್ರು.

ಸೂಗಪ್ಪ ತಗಿ ಅಂದ. ನಾ ಏನ್ ಮಾಡ್ಲಿ? ಕೆಳಗ ನೋಡ್ರಿ, ಸಾಹೇಬನ ಹೆಸರದ, ಕುದರಿ ಹೆಸರದ. ಮೊದಲ ಪಟ ಬರದವನಾ ನಿಮ್ಮಜ್ಜನ ಹೆಸರು ಹಾಕಿಲ್ಲ. ಆ ಸಾಹೇಬರಿಗೇ ಬ್ಯಾಡಾದಾಂವ ಇವನಿಗಿ ಯಾಕ ಬೇಕಾದಾನು?

ಹಾಂ, ಅವರ ಆ ಕೈ ಹಂಗಾ ಬಿಟ್ಟೀನಿ. ಲಗಾಮ ಹಿಡದದ್ದು. ಅದರ ಹಿಂದ ಕುದರಿ ಬಾಯಿ ಅದ, ಕಡಿವಾಣ ಅದ. ಕೈ ತಗದ್ರ ಅದನ್ನೆಲ್ಲ ಬರೀಬೇಕು, ನನಗ ಬರಂಗಿಲ್ಲ. ನಮ್ಮ ಮನಿತನದಾಗ ಕುದರಿ ಒಂದಾ ಮಗ್ಗಲಾ ಬರೀತೀವಿ, ಬಾಯಿ ಮುಚ್ಚಿ.

ಸೂಗಪ್ಪಗ ಬೈಯ್ರಿ, ಬೇಕಾದಷ್ಟು ಬೈಯ್ರಿ. ನಾನೂ ಬೈತೀನಿ... ಮಸ್ತಾನ ಚಾಚಾ, ಹಿಂಗ ನನ್ನ ಮಾರಿ ಯಾಕ ನೋಡ್ತೀರಿ?

ಕೆಂಭಾವಿಗಿ ಸೂಗಪ್ಪನ ಮನಿಗಿ ಹೋಗಿ ಅವನ್ನ ಕೇಳೇ ಬಂದೀರೇನು?

...ಹೌದು. ಆಂವ ತಗಿ ಅಂತ ಹೇಳಿಲ್ಲ. "ಆ ಕುದರಿ ಹಿಡದಾಂವ ಇರ್ಲಿ ಬಿಡು, ಚೊಲೊ ಕಾಣ್ತಾನ" ಅಂದಿದ್ದ. ಅದಾ ನನಗ ಚುಚ್ಚಿದ್ದು. ನಿಮ್ಮಜ್ಜ ಜೀವ ಇದ್ದವನಂಗ ನೋಡ್ತಿದ್ದ ಚಾಚಾ, ಈಗ ನೀವು ನೋಡಾಕತ್ತೀರಲ್ಲ, ಹಿಂಗಾ. ಅವನ ಬಾಜೂಕ ನಾ ಬರದ ಸೂಗಪ್ಪನ ಮಾರಿ ಗೊಬ್ಬರದಂಗಡಿ ಬೋರ್ಡ್ ಆಗಿ ಕುಂತಿತ್ತು. ಮೂರು ಸಲ ಅಳಸಿ ಬರದೆ. ನಾಕನೇ ಸಲ ನಿಮ್ಮಜ್ಜನ ಮ್ಯಾಲ ಕೆನಾಲ್ ನೀರು ಬಿಟ್ಟೆ.

ಮುಟ್ರಿ ಚಾಚಾ, ಮುಟ್ರಿ. ಆ ಕೈ ಒಂದಾ ಹಳೇದದ. ಅದರ ಬಣ್ಣ ಹತ್ತಂಗಿಲ್ಲ.